ಹಾಲಿನ ಚೀಟಿ ಬಿಸಾಡಬೇಡಿ



ಬೆಳಿಗ್ಗೆ ಸಂಘದಲ್ಲಿ ಹಾಲು ಹಾಕಿದ ಮೇಲೆ ಕೈಗೆ ಬರುವ ಚೀಟಿಯನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಬಹಳ ಜನ ಲೀಟರ್ ಎಷ್ಟು, ದುಡ್ಡು ಎಷ್ಟು ಎಂದು ನೋಡಿ ಅಲ್ಲೇ ಬಿಸಾಡುತ್ತೇವೆ. ಆ ಚೀಟಿಯಲ್ಲಿ ಇನ್ನೂ ಎರಡು ಅಂಕಿಗಳಿರುತ್ತವೆ: ಫ್ಯಾಟ್ ಮತ್ತು ಎಸ್‌ಎನ್‌ಎಫ್. ಹಸುವಿನ ಆರೋಗ್ಯದ ಸುದ್ದಿಯನ್ನು ಮೊದಲು ಹೇಳುವುದು ಅವೇ.

ಡೇಟಾ, ದತ್ತಾಂಶ ಎಂದರೆ ಅದು ಪಟ್ಟಣದ ಕಂಪ್ಯೂಟರ್‌ನವರ ಮಾತು ಎಂದುಕೊಂಡಿದ್ದೇವೆ. ದಿನಕ್ಕೆ ಎರಡು ಹೊತ್ತು ಹಾಲು ಅಳೆಸುವ ನಮ್ಮಷ್ಟು ದತ್ತಾಂಶ ಹುಟ್ಟಿಸುವವರು ಹಳ್ಳಿಯಲ್ಲಿ ಬೇರೆ ಯಾರಿದ್ದಾರೆ? ಹುಟ್ಟಿಸುವವರು ನಾವು, ಓದುವವರು ಮಾತ್ರ ಬೇರೆಯವರು. ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ದಿನದ ಅಂಕಿಯಿಂದ ಏನೂ ತಿಳಿಯದು. ಹತ್ತು ದಿನದ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿ. ಎಸ್‌ಎನ್‌ಎಫ್ ಮೆಲ್ಲಗೆ ಇಳಿಯುತ್ತಿದ್ದರೆ ಮೇವು ಸಾಲದೇ ಇರಬಹುದು, ಇಲ್ಲವೇ ಹೊರಗೆ ಕಾಣದ ಕೆಚ್ಚಲು ಬಾವು ಇರಬಹುದು. ಒಂದೇ ದಿನ ಊರಿನವರೆಲ್ಲರ ಅಂಕಿ ಇಳಿದಿದ್ದರೆ ಯಂತ್ರದ ಕಡೆ ನೋಡಬೇಕು. ಮತ್ತೊಮ್ಮೆ ಪರೀಕ್ಷಿಸಿ ಎಂದು ಕಾರ್ಯದರ್ಶಿಯವರನ್ನು ಕೇಳುವುದರಲ್ಲಿ ತಪ್ಪಿಲ್ಲ. ನಿಮ್ಮದೊಂದೇ ಇಳಿದಿದ್ದರೆ ಕೊಟ್ಟಿಗೆಯ ಕಡೆ ನೋಡಬೇಕು. ಚೀಟಿ ಕೈಯಲ್ಲಿದ್ದರೆ ಜಗಳವಿಲ್ಲದೆ ಮಾತಾಡಬಹುದು.

ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಎರಡು ಹಸುವಿನ ಹಾಲು ಒಂದೇ ಕ್ಯಾನಿಗೆ ಸುರಿದರೆ ಫ್ಯಾಟ್ 3.5 ಬರಬಹುದು. ಅದರಲ್ಲಿ ಒಂದರದು 4.1, ಇನ್ನೊಂದರದು 2.9 ಇದ್ದರೆ ಚೀಟಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ಒಂದೊಂದು ಹಸುವಿನ ಹಾಲನ್ನು ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿ.

ಹಸು ಮಾರುವಾಗ, ಕೊಳ್ಳುವಾಗ ನಾವು ಮಾಡುವ ದೊಡ್ಡ ತಪ್ಪೂ ಲೆಕ್ಕ ಇಡದಿರುವುದೇ. ಒಂದು ಹಸು ಒಂದು ಸೂಲಿಗೆ 3,000 ಲೀಟರ್ ಕೊಡುತ್ತದೆ, ಆದರೆ 18 ತಿಂಗಳಿಗೊಮ್ಮೆ ಕರು ಹಾಕುತ್ತದೆ ಎನ್ನಿ. ಇನ್ನೊಂದು 2,600 ಲೀಟರ್ ಕೊಟ್ಟು 13 ತಿಂಗಳಿಗೊಮ್ಮೆ ಕರು ಹಾಕುತ್ತದೆ. ಹಾಲಿನ ಬಿಂದಿಗೆ ನೋಡಿದವರು ಮೊದಲನೆಯದನ್ನೇ ಹೊಗಳುತ್ತಾರೆ. ದಿನಕ್ಕೆ ಹಂಚಿ ನೋಡಿದರೆ ಮೊದಲನೆಯದು ಸುಮಾರು ಐದೂವರೆ ಲೀಟರ್, ಎರಡನೆಯದು ಆರೂವರೆ ಲೀಟರ್. ಇದು ತಿಳಿಯಬೇಕಾದರೆ ಬೆದೆಗೆ ಬಂದ ದಿನ, ಇಂಜೆಕ್ಷನ್ ಕೊಡಿಸಿದ ದಿನ, ಕರು ಹಾಕಿದ ದಿನ ಬರೆದಿಟ್ಟಿರಬೇಕು. 21 ದಿನಕ್ಕೊಮ್ಮೆ ಬರುವ ಬೆದೆ ಒಂದು ಸಲ ತಪ್ಪಿದರೆ ಮೂರು ವಾರದ ಹಿಂಡಿ, ಬೂಸಾ ದಂಡ.

ಕೊಟ್ಟಿಗೆಯಾಚೆಗೂ ಈ ಮಾತು ನಿಜ. ಹಸುವಿನ ಕಿವಿಯ ಓಲೆಯಲ್ಲಿರುವ 12 ಅಂಕಿಗಳ ಮೇಲೆಯೇ ಕಾಲುಬಾಯಿ ಜ್ವರದ ಲಸಿಕೆ ದಾಖಲಾಗುತ್ತದೆ, ವಿಮೆಯೂ ನಿಂತಿದೆ. ಓಲೆ ಬಿದ್ದುಹೋದದ್ದನ್ನು ತಿಳಿಸದೆ ಸುಮ್ಮನಿದ್ದರೆ ಹಸು ಸತ್ತಾಗ ವಿಮೆಯ ಹಣ ಕೈಗೆ ಬರುವುದು ಕಷ್ಟ. ಸರ್ಕಾರದ ಪ್ರೋತ್ಸಾಹಧನವೂ ಸಂಘದಲ್ಲಿ ದಾಖಲಾದ ಲೀಟರ್ ಮತ್ತು ನಿಮ್ಮ ಬ್ಯಾಂಕ್ ಖಾತೆಯ ವಿವರ ನೋಡಿಯೇ ಬರುತ್ತದೆ. ಜಾನುವಾರು ಗಣತಿಯವರು ಬಂದಾಗ ತಲೆಎಣಿಕೆ ತಪ್ಪು ಹೇಳಿದರೆ ಊರಿಗೆ ಬೇಕಾದ ಲಸಿಕೆ, ಔಷಧದ ಲೆಕ್ಕವೇ ತಪ್ಪುತ್ತದೆ.

ಹಾಗೆಂದು ಕೇಳಿದವರಿಗೆಲ್ಲ ವಿವರ ಕೊಡಬೇಕಿಲ್ಲ. ಫೋನಿನಲ್ಲಿ ಓಟಿಪಿ ಕೇಳುವವರಿಗೆ, ಸಬ್ಸಿಡಿ ಹೆಸರಿನಲ್ಲಿ ಖಾತೆ ನಂಬರ್ ಕೇಳುವವರಿಗೆ ಏನನ್ನೂ ಹೇಳಬೇಡಿ. ಯಾರು, ಯಾತಕ್ಕೆ ಕೇಳುತ್ತಿದ್ದಾರೆ ಎಂದು ಮೊದಲು ವಿಚಾರಿಸಿ.

ಸಂಘದ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ಅಂಕಿಗಳು ಬೆಲೆ ಕಡಿಯುವುದಕ್ಕೆ ಮಾತ್ರ ಬಳಕೆಯಾದರೆ ರೈತರು ಅವನ್ನು ದ್ವೇಷಿಸುತ್ತಾರೆ. ಒಂದು ವಾರ ಎಸ್‌ಎನ್‌ಎಫ್ ಇಳಿದ ಸದಸ್ಯರಿಗೆ ಒಂದು ಮಾತು ಹೇಳಿ, ಪಶುವೈದ್ಯರನ್ನು ಕಳಿಸಿ. ಚೀಟಿ ಎಲ್ಲರಿಗೂ ಓದಲು ಬರುವಂತೆ ಕನ್ನಡದಲ್ಲಿರಲಿ.

ನಾವು ಮಾಡಬೇಕಾದದ್ದು ಇಷ್ಟೇ: ನೂರು ಪುಟದ ಒಂದು ನೋಟ್‌ಬುಕ್, ಅದಕ್ಕೆ ಕಟ್ಟಿದ ಒಂದು ಪೆನ್ನು, ಕೊಟ್ಟಿಗೆಯ ಗೋಡೆಯಲ್ಲಿ ಒಂದು ಮೊಳೆ. ಬರೆಯಲು ಬರುವ ಮಕ್ಕಳಿಗೆ ಆ ಕೆಲಸ ಕೊಡಿ. ಮುಂದಿನ ಬಟವಾಡೆಯ ದಿನ ಆ ಪುಸ್ತಕವನ್ನು ಸಂಘದ ಲೆಕ್ಕದ ಜೊತೆ ಇಟ್ಟು ತಾಳೆ ನೋಡಿ. ನಮ್ಮ ಲೆಕ್ಕ ನಾವು ಇಟ್ಟುಕೊಳ್ಳದಿದ್ದರೆ ಬೇರೆಯವರು ಹೇಳಿದ್ದೇ ಲೆಕ್ಕವಾಗುತ್ತದೆ.