ಸಕ್ಕರೆಗೊಂದು ಹ್ಯಾಂಡಲ್

ಅಮ್ಮ ಹಾಸನದಿಂದ ನಿಲಾಯ್‌ಗೆ ಬಂದ ಎರಡನೇ ತಿಂಗಳಲ್ಲಿ ಕಾಲು ಜೋಮು ಹಿಡಿಯುತ್ತದೆ ಎಂದರು. ರಕ್ತ ಪರೀಕ್ಷೆ ಮಾಡಿಸಿದೆವು. ಬರಿಹೊಟ್ಟೆಯ ಸಕ್ಕರೆ 11. "ನೋಡಿದ್ಯಾ, ಊರಲ್ಲಿ 160 ಇತ್ತು. ಇಲ್ಲಿಯ ನೀರು ಒಗ್ಗಿದೆ!" ಎಂದು ಹಿಗ್ಗಿದರು. ಇಲ್ಲಿಯ ಲೆಕ್ಕ ಮಿಲಿಮೋಲ್‌ನದು ಸ್ವಾಮಿ. ಊರಿನ ಲೆಕ್ಕಕ್ಕೆ 18ರಿಂದ ಗುಣಿಸಬೇಕು. ಅಂದರೆ 198.

ಡಾಕ್ಟರು ಮಾತ್ರೆ ಬದಲಿಸಿ, "ಲೆಟ್ ಅಸ್ ಗೆಟ್ ಎ ಹ್ಯಾಂಡಲ್ ಆನ್ ಹರ್ ಶುಗರ್" ಎಂದರು. ಹೊರಗೆ ಬಂದದ್ದೇ ಅಮ್ಮನ ಪ್ರಶ್ನೆ: "ಅದೇನೋ ಹ್ಯಾಂಡಲ್ಲು, ಸೈಕಲ್ಲಿಂದಾ?"

"ಹತೋಟಿಗೆ ತರಬೇಕು ಅಂತಮ್ಮ" ಎಂದೆ.

ಸರಿ, ಹತೋಟಿ ಶುರುವಾಯಿತು. ಅನ್ನ ಅರ್ಧಕ್ಕಿಳಿಯಿತು, ಬೆಲ್ಲದ ಡಬ್ಬಿ ಅಟ್ಟ ಹತ್ತಿತು. ಬೆಳಗಿನ ಸಕ್ಕರೆ ಇಳಿಯಿತು. ಸಂಜೆ ಏಳಕ್ಕೆ ನೋಡಿದರೆ ಮಾತ್ರ 13, 14. ಒಂದು ದಿನ ರೇಗಿ, "ಕದ್ದು ಏನಾದರೂ ತಿನ್ನುತ್ತೀಯಾ?" ಎಂದು ಕೇಳಿಬಿಟ್ಟೆ. ಅಮ್ಮ ತಟ್ಟೆ ಸರಿಸಿ ಎದ್ದು ಹೋದರು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಸಂಜೆ ಅವರ ಜೊತೆ ನಾನೂ ವಾಕಿಂಗ್ ಹೊರಟೆ. ಪಕ್ಕದ ಬೀದಿಯ ತಮಿಳು ಅಜ್ಜಿಯೂ ಬಂದರು. ಇಬ್ಬರೂ ನೇರವಾಗಿ ಮಾಮಾಕ್ ಅಂಗಡಿಗೆ! "ಶರ್ಕರೈ ವೇಂಡಾಂ" ಎಂದರು ಅಮ್ಮ, ಠೀವಿಯಿಂದ. ಹುಡುಗ ಸಕ್ಕರೆಯನ್ನು ನಿಜವಾಗಿಯೂ ಮುಟ್ಟಲಿಲ್ಲ. ಡಬ್ಬಿಯಿಂದ ಗಟ್ಟಿ ಹಾಲು ಸುರಿದು ತೆ ತಾರಿಕ್ ಎಳೆದ. ಆ ಕಂಡೆನ್ಸ್ಡ್ ಹಾಲಿನಲ್ಲಿ ಹತ್ತಿರ ಹತ್ತಿರ ಅರ್ಧ ಸಕ್ಕರೆಯೇ. ದಿನಕ್ಕೆ ಎರಡು ಲೋಟ!

ನಾನು ಡಾಕ್ಟರ ಮಾತಿನಲ್ಲಿ ಅರ್ಧವನ್ನಷ್ಟೇ ಕನ್ನಡಕ್ಕೆ ತಂದಿದ್ದೆ. ಇಂಗ್ಲಿಷಿನ ಆ 'ಹ್ಯಾಂಡಲ್'ನಲ್ಲಿ ಹತೋಟಿಯೂ ಇದೆ, ಅರಿವೂ ಇದೆ. ನಮ್ಮ 'ಹಿಡಿತ'ವೂ ಹಾಗೇ ಅಲ್ಲವೇ? ಮಕ್ಕಳ ಮೇಲೂ ಹಿಡಿತ, ಗಣಿತದ ಮೇಲೂ ಹಿಡಿತ. ಗ್ರಹಿಸುವುದು ಎಂದರೂ ಮೂಲದಲ್ಲಿ ಹಿಡಿಯುವುದೇ. ಅಮ್ಮನಿಗೆ ಇದನ್ನೆಲ್ಲ ವಿವರಿಸಹೊರಟರೆ, ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮ ಪಾತ್ರೆಗೆಲ್ಲಿತ್ತೋ ಹಿಡಿ? ಇಕ್ಕಳ ಎಲ್ಲಿ ಹಾಕಬೇಕು ಅಂತ ಮೊದಲು ನೋಡ್ತಿದ್ವಿ. ಸುಮ್ಮನೆ ಹಾಕಿದರೆ ಸಾರು ಕಾಲ ಮೇಲೆ."

ನನ್ನ ಇಕ್ಕಳ ಬಿದ್ದದ್ದು ಅವರ ಊಟದ ತಟ್ಟೆಯ ಮೇಲೆ. ಆ ಮಾತಿಗೆ ಕ್ಷಮೆ ಕೇಳಲು ಎರಡು ದಿನ ಬೇಕಾಯಿತು.

ಆಮೇಲೆ ಅಜ್ಜಿಯರಿಬ್ಬರೂ 'ತೆ ಓ ಕೊಸೊಂಗ್' ಕಲಿತರು: ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಕೊಸೊಂಗ್ ಎಂದರೆ ಖಾಲಿ. ಮೂರನೇ ವಾರಕ್ಕೆ ಸಂಜೆಯ ಸಕ್ಕರೆ 8ಕ್ಕೆ ಬಂತು. ಅಮ್ಮ ಈಗ ಹಾಸನದಲ್ಲಿದ್ದಾರೆ. ಮೊನ್ನೆ ಫೋನಿನಲ್ಲಿ, ನೆಂಟರ ಮನೆಯಲ್ಲಿ ಕಾಫಿ ಕೊಟ್ಟಾಗ "ನನಗೆ ಕೊಸೊಂಗ್" ಎಂದರಂತೆ. ಅವರು ಖಾಲಿ ಲೋಟ ತಂದಿಟ್ಟರಂತೆ!