ಗಂಡಭೇರುಂಡಕ್ಕೆ ಕಾಳು ಹಾಕಿದವರು

ದಸರಾ ಬಂತೆಂದರೆ ನಮ್ಮ ಮೈಸೂರಿನಲ್ಲಿ ಹಳೆಯ ವೈಭವದ ಮಾತಿಗೆ ಬರವಿಲ್ಲ. ಆನೆ, ಅಂಬಾರಿ, ಅರಮನೆಯ ದೀಪ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ಎದೆಯುಬ್ಬಿಸಿ ಹೇಳುತ್ತಾರೆ: ಎರಡನೇ ಮಹಾಯುದ್ಧದಲ್ಲಿ ನಮ್ಮ ಗಂಡಭೇರುಂಡ ಯೂರೋಪಿನ ಆಕಾಶದಲ್ಲಿ ಹಾರಿತ್ತು!

ಮಾತು ಸುಳ್ಳಲ್ಲ. 1941ರ ಜೂನ್‌ನಲ್ಲಿ ಬ್ರಿಟಿಷ್ ವಾಯುಪಡೆ 129ನೆಯ ಸ್ಕ್ವಾಡ್ರನ್ನನ್ನು ಕಟ್ಟಿತು. ಅದರ ವಿಮಾನಗಳಿಗೆ ಮೈಸೂರು ಸಂಸ್ಥಾನ ಹಣ ಕೊಟ್ಟಿದ್ದರಿಂದ ಅದಕ್ಕೆ ‘ಮೈಸೂರು’ ಎಂದೇ ಹೆಸರು, ಲಾಂಛನದಲ್ಲಿ ಗಂಡಭೇರುಂಡ. ಯೂರೋಪಿನ ನೆಲಕ್ಕಿಳಿಯಲಿದ್ದ ಸೈನ್ಯಕ್ಕೆ ನೆತ್ತಿಯ ಮೇಲಿನ ನೆರವಾಗಿ, ಶತ್ರುವಿನ ರೈಲು, ಲಾರಿ, ಸೇತುವೆಗಳನ್ನು ಹೊಡೆಯಲೆಂದು, 1943ರ ಜೂನ್‌ನಲ್ಲಿ ಸೆಕೆಂಡ್ ಟ್ಯಾಕ್ಟಿಕಲ್ ಏರ್ ಫೋರ್ಸ್ ಎಂಬ ಪಡೆ ರಚನೆಯಾಯಿತು. 1944ರಲ್ಲಿ ನಾರ್ಮಂಡಿಯ ದಾಳಿಯ ಹೊತ್ತಿಗೆ ನಮ್ಮೂರ ಹೆಸರಿನ ಸ್ಕ್ವಾಡ್ರನ್ನೂ ಮಸ್ಟಾಂಗ್ ವಿಮಾನಗಳೊಡನೆ ಅದರಲ್ಲಿತ್ತು.

ನನ್ನ ತಕರಾರು ಹೆಮ್ಮೆಯ ಮೇಲಲ್ಲ, ಲೆಕ್ಕದ ಮೇಲೆ. ತಿಂಗಳ ಕೊನೆಗೆ ಹಾಲಿನ ಚೀಟಿ, ದಿನಸಿ ಚೀಟಿ ಕೂಡಿಸುವ ಹೆಂಗಸು ನಾನು. ಯಾರು ಕೊಟ್ಟರು ಎಂದಷ್ಟೇ ಕೇಳಿ ನಾವು ಸುಮ್ಮನಾಗುವುದಿಲ್ಲ, ಎಲ್ಲಿಂದ ತಂದು ಕೊಟ್ಟರು ಎಂದೂ ಕೇಳುತ್ತೇವೆ. ಸಂಸ್ಥಾನದ ಬೊಕ್ಕಸವೆಂದರೆ ರೈತ ಕಟ್ಟಿದ ಕಂದಾಯ, ಕೋಲಾರದ ಗಣಿಯ ಆಳದಲ್ಲಿ ಬೆವರಿದವರ ದುಡಿಮೆ. ಅದೇ ಯುದ್ಧಕ್ಕೆ ಪ್ಯಾರಾಚೂಟ್ ಬೇಕಾದಾಗ ಮೈಸೂರು ಸೀಮೆಯ ರೇಷ್ಮೆಗೂ ಬೇಡಿಕೆ ಬಂತು. ಬಿಸಿನೀರಿನಲ್ಲಿ ಬೆರಳದ್ದಿ ಗೂಡಿನಿಂದ ಎಳೆ ತೆಗೆದ ಹೆಂಗಸರ ಹೆಸರನ್ನು ಯಾವ ವಿಮಾನದ ಮೇಲೆ ಬರೆದರು, ನೀವೇ ಹೇಳಿ.

‘ನ್ಯಾಯವನ್ನು ಕಾಯುವೆ’ ಎಂಬುದು ಆ ಸ್ಕ್ವಾಡ್ರನ್ನಿನ ಧ್ಯೇಯವಾಕ್ಯ. ಒಳ್ಳೆಯದು. ಆದರೆ 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನ ತಮ್ಮ ಊರಿಗೆ ತಾವೇ ಸ್ವರಾಜ್ಯ ಸಾರಿಕೊಂಡರು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು. 1943ರ ಮಾರ್ಚ್‌ನಲ್ಲಿ ಐವರನ್ನು ನೇಣಿಗೇರಿಸಲಾಯಿತು. ಆಮೇಲೆ ಮೂರು ತಿಂಗಳಿಗೆ ಆ ಹೊಸ ವಾಯುಪಡೆ ಹುಟ್ಟಿತು. ದೂರದ ದೇಶದ ನ್ಯಾಯಕ್ಕೆ ರೆಕ್ಕೆ ಕೊಟ್ಟ ಸಂಸ್ಥಾನದಲ್ಲಿ ಮನೆಯವರ ನ್ಯಾಯ 1947ರ ‘ಮೈಸೂರು ಚಲೋ’ ತನಕ ಬಾಗಿಲಲ್ಲೇ ನಿಂತಿತ್ತು.

ಹಾಗಾದರೆ ಹಿಟ್ಲರನನ್ನು ಸೋಲಿಸಬೇಡವಾಗಿತ್ತೆ ಎಂದು ಕೇಳುವಿರಿ. ಖಂಡಿತ ಸೋಲಿಸಬೇಕಿತ್ತು. ಆ ವಿಮಾನಗಳಲ್ಲಿ ಕೂತು ಹೋದ ಹುಡುಗರ ಧೈರ್ಯಕ್ಕೂ ನಾನು ಕೈಮುಗಿಯುತ್ತೇನೆ. ಆದರೆ ಖರ್ಚಿನ ಮೇಲೆ ಪ್ರಜೆಗೆ ಕೊನೆಯ ಮಾತೇ ಇಲ್ಲದ ಕಾಲದಲ್ಲಿ ಹೋದ ಹಣವನ್ನು ಬರೀ ಸಿಂಹಾಸನದ ಕೊಡುಗೆ ಎಂದು ಬರೆದು ಮುಗಿಸಿದರೆ ಅದು ಅರ್ಧ ಲೆಕ್ಕ.

ಇಂದು ಗಂಡಭೇರುಂಡ ಕರ್ನಾಟಕ ಸರ್ಕಾರದ ಮುದ್ರೆ, ಎಂದರೆ ನಮ್ಮೆಲ್ಲರದು. ಅದು ಹಾರಿದ ಕತೆಯನ್ನು ಮಕ್ಕಳಿಗೆ ಹೇಳೋಣ. ಆದರೆ ಅದಕ್ಕೆ ಕಾಳು ಹಾಕಿದ ಕೈಗಳನ್ನೂ, ಈಸೂರಿನ ಐವರನ್ನೂ ಅದೇ ಉಸಿರಿನಲ್ಲಿ ಹೇಳೋಣ.