ಬಾಡಿಗೆ ಕರಾರಿನಲ್ಲಿ ಸತ್ತವರು ಯಾರು?

ಕಳೆದ ತಿಂಗಳು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಅವನು ಸಹಿ ಹಾಕಬೇಕಿದ್ದ ಬಾಡಿಗೆ ಅಗ್ರಿಮೆಂಟ್ ಅದು. ‘ಡಿಮೈಸ್ಡ್ ಪ್ರೆಮಿಸಸ್’ ಅನ್ನೋ ಕಡೆ ಕೆಂಪು ಗೆರೆ ಎಳೆದು ಕೇಳಿದ್ದ: “ಅಣ್ಣಾ, ಈ ಮನೇಲಿ ಯಾರಾದ್ರೂ ತೀರ್ಕೊಂಡಿದ್ದಾರಾ? ಓನರ್ ಏನೂ ಹೇಳ್ಲಿಲ್ವಲ್ಲ?”

ನಗು ಬಂತು. ಆದರೆ ಅವನ ಪ್ರಶ್ನೆ ನ್ಯಾಯವಾದದ್ದೇ. ಡಿಮೈಸ್ ಅಂದ್ರೆ ಸಾವು ಅಂತಲೇ ನಾವೆಲ್ಲ ಓದಿಕೊಂಡು ಬಂದಿರೋದು. ಹಳೇ ಇಂಗ್ಲಿಷ್ ಪದಗಳು ಅಂದ ಕೂಡಲೇ ನಮಗೆ ಹಳೇ ನಾಟಕ, ಹಳೇ ಕಾದಂಬರಿ ನೆನಪಾಗುತ್ತವೆ. ಆದರೆ ಆ ಪದಗಳು ಇವತ್ತಿಗೂ ಡ್ಯೂಟಿ ಮಾಡುತ್ತಿರುವ ಜಾಗ ಸ್ಟ್ಯಾಂಪ್ ಪೇಪರ್. ಅಲ್ಲಿ ಸಹಿ ಹಾಕುವವರು ನಾವು, ಹಣ ಕೊಡುವವರೂ ನಾವೇ. ಹಾಗಾಗಿ ಈ ಸಲ ಅಲ್ಲಿನ ಪದಗಳನ್ನೇ ನೋಡೋಣ.

ಮೊದಲು ಡಿಮೈಸ್. ಇದು ಹಳೇ ಫ್ರೆಂಚಿನಿಂದ ಇಂಗ್ಲಿಷಿನ ಕಾನೂನಿಗೆ ಬಂದ ಪದ. ಬಿಟ್ಟುಕೊಡುವುದು, ಕೈ ದಾಟಿಸುವುದು ಅಂತ ಅರ್ಥ. ಆಸ್ತಿಯನ್ನು ಲೀಸಿಗೆ ಕೊಟ್ಟರೂ ಡಿಮೈಸ್, ಉಯಿಲಿನ ಮೂಲಕ ಬಿಟ್ಟುಹೋದರೂ ಡಿಮೈಸ್. ರಾಜ ತೀರಿಕೊಂಡಾಗ ಕಿರೀಟ ಮುಂದಿನವನಿಗೆ ದಾಟುತ್ತದಲ್ಲ, ಅದನ್ನು ಕಿರೀಟದ ಡಿಮೈಸ್ ಅನ್ನುತ್ತಿದ್ದರು. ಕೊನೆಗೆ ದಾಟಿಸುವುದು ಮರೆತುಹೋಗಿ ಸಾವು ಮಾತ್ರ ಉಳಿಯಿತು. ಅಂದ್ರೆ ನಮ್ಮ ಹುಡುಗನ ಅಗ್ರಿಮೆಂಟಿನಲ್ಲಿ ಇದ್ದದ್ದು ಹಳೆಯ ಅರ್ಥ, ಪತ್ರಿಕೆಯಲ್ಲಿ ಬರುವುದು ಆಮೇಲೆ ಹುಟ್ಟಿದ್ದು. ‘ಡಿಮೈಸ್ಡ್ ಪ್ರೆಮಿಸಸ್’ ಅಂದ್ರೆ ಬಾಡಿಗೆಗೆ ಕೊಟ್ಟ ಮನೆ, ಅಷ್ಟೇ.

ಪ್ರೆಮಿಸಸ್ ಇನ್ನೂ ತಮಾಷೆಯದು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಮೊದಲೇ ಹೇಳಿದ್ದು’ ಅಂತ ಅರ್ಥ. ತರ್ಕಶಾಸ್ತ್ರದ ಪ್ರೆಮಿಸ್ ಕೂಡ ಇದೇ ಪದ. ಹಳೇ ಪತ್ರಗಳಲ್ಲಿ ಮೊದಲು ಮನೆ, ಜಾಗ, ಗಡಿ ಎಲ್ಲ ವಿವರಿಸಿ, ಮುಂದೆ ಮತ್ತೆ ಮತ್ತೆ ಬರೆಯೋ ಬದಲು ‘ಪ್ರೆಮಿಸಸ್’ ಅಂತ ಹಾಕುತ್ತಿದ್ದರು. ಹಾಗೆ ಹೇಳಿದ್ದೆಲ್ಲ ಮನೆ-ಜಾಗವೇ ಆಗಿರುತ್ತಿದ್ದರಿಂದ ಕೊನೆಗೆ ಆ ಪದವೇ ಮನೆ-ಕಟ್ಟಡ ಆಗಿಬಿಟ್ಟಿತು. ನಮ್ಮ ಕ್ರಯಪತ್ರಗಳಲ್ಲಿ ಈ ಕೆಲಸ ಮಾಡೋದು ‘ಸದರಿ’. ಸದರಿ ಸ್ವತ್ತು, ಸದರಿ ಮನೆ, ಸದರಿ ಚಕ್ಕುಬಂದಿ. ನಾವೂ ಇಂಗ್ಲಿಷರ ಹಾಗೆ ಮಾಡಿದ್ದರೆ “ಇವತ್ತು ಸದರಿಗೆ ಬೇಗ ಬಂದ್ಬಿಡು, ಗೆಸ್ಟ್ ಬರ್ತಾರೆ” ಅಂತ ಫೋನ್ ಮಾಡಬೇಕಾಗುತ್ತಿತ್ತು.

ಹೆದರಿಸುವ ಇನ್ನೊಂದು ಪದ ರಿಪಗ್ನೆಂಟ್. ‘ಅನ್‌ಲೆಸ್ ರಿಪಗ್ನೆಂಟ್ ಟು ದ ಕಾಂಟೆಕ್ಸ್ಟ್’ ಅನ್ನುವ ಸಾಲು ಹೆಚ್ಚುಕಡಿಮೆ ಎಲ್ಲ ಅಗ್ರಿಮೆಂಟಿನ ಮೊದಲ ಪುಟದಲ್ಲೂ ಇರುತ್ತದೆ. ಈಗಿನ ಇಂಗ್ಲಿಷಿನಲ್ಲಿ ರಿಪಗ್ನೆಂಟ್ ಅಂದ್ರೆ ಅಸಹ್ಯ, ವಾಕರಿಕೆ. ಲ್ಯಾಟಿನ್ ಮೂಲದಲ್ಲಿ ಎದುರು ನಿಂತು ಹೋರಾಡುವುದು. ಕಾನೂನು ಆ ಹಳೇ ಅರ್ಥವನ್ನೇ ಇಟ್ಟುಕೊಂಡಿದೆ: ಒಂದಕ್ಕೊಂದು ವಿರುದ್ಧ, ಹೊಂದಾಣಿಕೆ ಇಲ್ಲದ್ದು. ನಮ್ಮ ಸಂವಿಧಾನದ 254ನೇ ವಿಧಿ ರಾಜ್ಯದ ಕಾನೂನು ಸಂಸತ್ತಿನ ಕಾನೂನಿಗೆ ‘ರಿಪಗ್ನೆಂಟ್’ ಆದರೆ ಏನಾಗುತ್ತದೆ ಅಂತ ಹೇಳುತ್ತದೆ. ಅಲ್ಲಿ ಯಾರಿಗೂ ಯಾರ ಮೇಲೂ ಅಸಹ್ಯ ಇಲ್ಲ.

ಇವೆಲ್ಲ ಅರ್ಥ ತಿಳಿಯದಿದ್ದರೂ ನಷ್ಟವಿಲ್ಲದ ಪದಗಳು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಳೇ ಕೋಡಿನಲ್ಲಿ ಉಳಿದುಕೊಂಡ ಕಾಮೆಂಟುಗಳು. ಯಾರೂ ಅಳಿಸಲು ಧೈರ್ಯ ಮಾಡುವುದಿಲ್ಲ, ಇದ್ದರೂ ಪ್ರೋಗ್ರಾಮ್ ಓಡುತ್ತದೆ. ಈ ಜಾತಿಯಲ್ಲಿ ದೊಡ್ಡಣ್ಣ ‘ವಿಟ್ನೆಸೆತ್’. ಪುಟದ ನಡುವೆ ದಪ್ಪ ಅಕ್ಷರದಲ್ಲಿ ಕೂತಿರುತ್ತದೆ. ಸಾಕ್ಷಿಗಳು ಸಹಿ ಹಾಕೋ ಜಾಗ ಇರಬೇಕು ಅಂದುಕೊಳ್ಳುವವರಿದ್ದಾರೆ. ಅಲ್ಲ. ಅದು ಕ್ರಿಯಾಪದ. ‘ಈ ಪತ್ರ ಸಾರುವುದೇನೆಂದರೆ’ ಅಂತ. ಕೊನೆಯ ‘ಎತ್’ ಹಳೇ ಇಂಗ್ಲಿಷ್ ಬೈಬಲ್ಲಿನ ಕಾಲದ ಪ್ರತ್ಯಯ, ಈಗ ಆ ಜಾಗದಲ್ಲಿ ಬರಿ ‘ಎಸ್’ ಬರುತ್ತದೆ. ನಮ್ಮ ಪತ್ರ ಬರಹಗಾರರ ‘ಬರೆದುಕೊಟ್ಟ ಕರಾರಿನ ಕ್ರಮವೇನೆಂದರೆ’ ಇದಕ್ಕೆ ಸರಿಯಾದ ಜೋಡಿ.

ಇಂಡೆಂಚರ್ ಅನ್ನುವ ಪದದ ಮೇಲೆ ಮಾತ್ರ ನನಗೆ ಪ್ರೀತಿ. ಹಿಂದೆ ಇಂಗ್ಲೆಂಡಿನಲ್ಲಿ ಒಂದೇ ತೊಗಲಿನ ಹಾಳೆಯ ಮೇಲೆ ಕರಾರನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ, ಗರಗಸದ ಹಲ್ಲಿನ ಹಾಗೆ ಕತ್ತರಿಸುತ್ತಿದ್ದರು. ಒಂದು ಭಾಗ ಇವನಿಗೆ, ಒಂದು ಭಾಗ ಅವನಿಗೆ. ಮುಂದೆ ಜಗಳ ಬಂದರೆ ಎರಡನ್ನೂ ಪಕ್ಕ ಇಟ್ಟು ಹಲ್ಲಿಗೆ ಹಲ್ಲು ಕೂಡುತ್ತದಾ ನೋಡುವುದು. ಕೂಡಲಿಲ್ಲ ಅಂದ್ರೆ ಒಂದು ನಕಲಿ. ಓಟಿಪಿ, ಡಿಜಿಟಲ್ ಸಿಗ್ನೇಚರ್ ಎಲ್ಲ ಬರುವುದಕ್ಕೆ ನೂರಾರು ವರ್ಷ ಮೊದಲಿನ ವೆರಿಫಿಕೇಶನ್ ಇದು. ಪದದೊಳಗಿರುವ ‘ಡೆಂಟ್’ ಲ್ಯಾಟಿನ್ನಿನ ಹಲ್ಲು, ನಮ್ಮ ‘ದಂತ’ದ ದೂರದ ನೆಂಟ. 1845ರಲ್ಲಿ ಇಂಗ್ಲೆಂಡ್ ಕಾನೂನು ಮಾಡಿ, ಹಾಗೆ ಕತ್ತರಿಸದಿದ್ದರೂ ಇಂಡೆಂಚರ್ ನಡೆಯುತ್ತದೆ ಅಂದಿತು. ಹಲ್ಲು ಬಿತ್ತು, ಹೆಸರು ಉಳಿಯಿತು.

ಇದೇ ಪದಕ್ಕೆ ನಮ್ಮ ದೇಶದಲ್ಲಿ ಕಹಿ ನೆನಪೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಸಾಗಿಸಿದ ನಮ್ಮ ಕೂಲಿಕಾರರನ್ನು ಇಂಡೆಂಚರ್ಡ್ ಅನ್ನುತ್ತಿದ್ದರು. 1879ರಿಂದ ಫಿಜಿಗೆ ಹೋದವರ ಬಾಯಲ್ಲಿ ‘ಅಗ್ರಿಮೆಂಟ್’ ಅನ್ನುವುದು ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯಾಗಳಾದರು. (ಹುಬ್ಬಳ್ಳಿ ಕಡೆಯವರು ಗಾಬರಿಯಾಗಬೇಡಿ, ನಾನು ಹೇಳ್ತಿರೋದು ಮಂಡಕ್ಕಿಯ ವಿಷಯ ಅಲ್ಲ.) ತಾವು ಓದಲಾಗದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದವರು ಅವರಲ್ಲಿ ಬಹಳ ಮಂದಿ. ನಾವು ಓದಿಕೊಂಡವರು, ಇಪ್ಪತ್ತು ಪುಟದ ಪಿಡಿಎಫನ್ನು ಬೆರಳಲ್ಲಿ ಸರ್ರನೆ ತಳ್ಳಿ ಕೆಳಗೆ ಇ-ಸೈನ್ ಒತ್ತುತ್ತೇವೆ.

ಈಗ ಜೀವಂತ ಪದಗಳಿಗೆ ಬರೋಣ. ನೋಡೋಕೆ ಇವೂ ಹಳೇ ಅಲಂಕಾರದ ಹಾಗೇ ಇರುತ್ತವೆ, ಆದರೆ ಒಂದೊಂದು ಪದದ ಹಿಂದೆಯೂ ಲಕ್ಷಗಟ್ಟಲೆ ರೂಪಾಯಿ ಇರುತ್ತದೆ.

ಮೊದಲನೆಯದು ‘ಸೆವರಲಿ’. ‘ಜಾಯಿಂಟ್ಲಿ ಆ್ಯಂಡ್ ಸೆವರಲಿ’ ಅನ್ನುವ ಜೋಡಿಯಲ್ಲಿ ಬರುತ್ತದೆ. ಸೆವರಲ್ ಅಂದ್ರೆ ಹಲವು ಅಂತ ಶಾಲೆಯಲ್ಲಿ ಕಲಿತ ನಾವು ಇದನ್ನು ‘ಎಲ್ಲರೂ ಸೇರಿ’ ಅಂತ ಓದಿಕೊಂಡು ಮುಂದೆ ಹೋಗುತ್ತೇವೆ. ಅರ್ಥ ಉಲ್ಟಾ. ಸೆವರಲ್‌ನ ಹಳೇ ಅರ್ಥ ‘ಬೇರೆ ಬೇರೆಯಾಗಿ’. ಸೆಪರೇಟ್ ಅನ್ನುವ ಪದದ ಕುಟುಂಬವೇ ಅದು. ಅಂದ್ರೆ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರೇ ಪೂರ್ತಿಯಾಗಿಯೂ ಹೊಣೆ.

ಮೂವರು ಗೆಳೆಯರು ಸೇರಿ ತಿಂಗಳಿಗೆ 45,000 ರೂಪಾಯಿಯ ಫ್ಲ್ಯಾಟ್ ಹಿಡಿದರು ಅನ್ನಿ. ಒಬ್ಬೊಬ್ಬರಿಗೆ 15,000 ಅಂತ ಅವರವರ ಲೆಕ್ಕ. ನಾಲ್ಕು ತಿಂಗಳಲ್ಲಿ ಒಬ್ಬ ಪುಣೆಗೆ ಹೋದ, ಇನ್ನೊಬ್ಬನ ಕೆಲಸ ಹೋಯಿತು, ಊರಿಗೆ ಹೊರಟ. ಉಳಿದವನು “ನನ್ನ ಪಾಲು 15,000 ಕೊಡ್ತಾ ಇದೀನಲ್ಲ ಸಾರ್” ಅಂದರೆ ಕಾನೂನು ಕೇಳುವುದಿಲ್ಲ. ಓನರ್ ಪೂರ್ತಿ 45,000ವನ್ನೂ ಇವನೊಬ್ಬನಿಂದಲೇ ಕೇಳಬಹುದು. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಹೇಳೋದೂ ಇದನ್ನೇ: ಹಲವರು ಒಟ್ಟಾಗಿ ಮಾತು ಕೊಟ್ಟಾಗ, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರಲ್ಲಿ ಯಾರನ್ನು ಬೇಕಾದರೂ ಹಿಡಿದು ಪೂರ್ತಿ ಕೇಳಬಹುದು. ಕೊಟ್ಟವನು ಆಮೇಲೆ ಉಳಿದವರಿಂದ ಅವರವರ ಪಾಲು ವಸೂಲಿ ಮಾಡಿಕೊಳ್ಳಬಹುದು. ಪುಣೆಗೆ ಹೋದವನು ಫೋನ್ ಎತ್ತಿದರೆ.

ಗೃಹಸಾಲದ ಕೋ-ಅಪ್ಲಿಕೆಂಟ್, ಕಸಿನ್‌ನ ಸಾಲಕ್ಕೆ ಗ್ಯಾರಂಟಿ ಹಾಕುವವರು ಕೂಡ ಈ ಜಾಗದಲ್ಲೇ ನಿಂತಿರುತ್ತಾರೆ. “ಬರೀ ಫಾರ್ಮಾಲಿಟಿಗೆ ಒಂದು ಸಹಿ ಮಾರಾಯ” ಅಂತ ಕೇಳ್ತಾರಲ್ಲ, ಅದೇ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಲಗಾರನ ಹೊಣೆಯಷ್ಟೇ. ಒಂದು ರೂಪಾಯಿ ಕಮ್ಮಿ ಇಲ್ಲ.

ಎರಡನೆಯದು ನಾಲ್ಕೇ ಅಕ್ಷರದ ಇಂಗ್ಲಿಷ್ ಪದ, ‘ಸೇವ್’. ನಮಗೆ ಗೊತ್ತಿರೋ ಸೇವ್ ಅಂದ್ರೆ ಉಳಿಸು, ಕಾಪಾಡು, ಫೈಲನ್ನು ಸೇವ್ ಮಾಡು. ಅಗ್ರಿಮೆಂಟಿನಲ್ಲಿ ‘ಸೇವ್ ನಾರ್ಮಲ್ ವೇರ್ ಆ್ಯಂಡ್ ಟೇರ್’ ಅಂತ ಬಂದಾಗ ಅದು ಬೇರೆ. ಅಲ್ಲಿ ಸೇವ್ ಅಂದ್ರೆ ‘ಹೊರತು’. ಸಹಜ ಬಳಕೆಯ ಸವೆತವನ್ನು ಹೊರತುಪಡಿಸಿ, ಮಿಕ್ಕಂತೆ ಮನೆಯನ್ನು ಇದ್ದ ಹಾಗೇ ಹಿಂದಿರುಗಿಸಬೇಕು ಅಂತ. ಉಳಿಸು ಅಂತ ಓದಿಕೊಂಡರೆ ವಾಕ್ಯದ ಬಾಲ ಎಲ್ಲಿ, ತಲೆ ಎಲ್ಲಿ ಗೊತ್ತಾಗುವುದಿಲ್ಲ.

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡಿದವರಿಗೆ ಈ ಪದದ ಬೆಲೆ ಗೊತ್ತಾಗಬೇಕು. ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳೋದು ಇಲ್ಲಿ ಮಾಮೂಲಿ ಆಗಿಬಿಟ್ಟಿದೆ. ಎರಡು ವರ್ಷ ಜನ ಇದ್ದ ಮನೆಯ ಗೋಡೆ ಸ್ವಲ್ಪ ಮಂಕಾಗುವುದು ಸಹಜ ಸವೆತ. ಗೋಡೆಗೆ ಹತ್ತು ಮೊಳೆ ಹೊಡೆದು ಟೈಲ್ಸ್ ಒಡೆದರೆ ಅದು ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲೂ ಸಹಜ ಸವೆತಕ್ಕೆ ಈ ವಿನಾಯಿತಿ ಇದೆ. ಆದರೆ ಅದು ನಡೆಯೋದು ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದಾಗ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಂತ ಸ್ಪಷ್ಟವಾಗಿ ಬರೆದ ಕಾಗದಕ್ಕೆ ಸಹಿ ಹಾಕಿದ ಮೇಲೆ ‘ಸೇವ್’ ಅನ್ನು ಹಿಡಿದುಕೊಂಡು ಹೋದರೆ ಓನರ್ ನಗುತ್ತಾರೆ. ನನ್ನ ಹಿಂದಿನ ಮನೆಯ ಕಾಗದದಲ್ಲಿ ಪೇಂಟಿಂಗಿನ ಮಾತು ಇರಲಿಲ್ಲ, ‘ಸೇವ್’ ಇತ್ತು. ಆ ಸಾಲನ್ನು ತೋರಿಸಿದ್ದಕ್ಕೆ ಓನರ್ “ಎಲ್ಲರೂ ಕೊಡ್ತಾರಪ್ಪ, ನಿಂದೇನು ಹೊಸ ರೂಲ್ಸು” ಅಂತ ಗೊಣಗಿದರು. ಅರ್ಧ ಗಂಟೆ ಕೂತು ಮಾತಾಡಿದ ಮೇಲೆ ಹಿಡಿದಿದ್ದರಲ್ಲಿ ಅರ್ಧ ವಾಪಸ್ ಬಂತು.

ಬ್ಯಾಂಕಿನ ಕಡೆ ಒಂದೆರಡು ಇವೆ, ಬೇಗ ಹೇಳಿಬಿಡ್ತೀನಿ. ಆ್ಯಪಿನಲ್ಲಿ ಕೆಲವೊಮ್ಮೆ ‘ಲಿಯನ್ ಅಮೌಂಟ್’ ಅಂತ ಕಾಣುತ್ತದೆ. ಹಣ ಖಾತೆಯಲ್ಲೇ ಇರತ್ತೆ, ಮುಟ್ಟೋಕಾಗಲ್ಲ. ಐಪಿಒಗೆ ಅರ್ಜಿ ಹಾಕಿದಾಗ, ಎಫ್‌ಡಿ ಮೇಲೆ ಸಾಲ ತೆಗೆದಾಗ ಹೀಗಾಗುತ್ತದೆ. ಫ್ರೆಂಚಿನಲ್ಲಿ ಲಿಯನ್ ಅಂದ್ರೆ ಕಟ್ಟು, ಬಂಧ. ಹಸುವಿಗೆ ಹಗ್ಗ ಹಾಕಿದ ಹಾಗೆ: ಹಸು ನಿಮ್ಮದೇ, ಹಗ್ಗ ಅವರ ಕೈಲಿ. ಮಾರ್ಟ್‌ಗೇಜ್ ಅಂದ್ರೆ ಅಕ್ಷರಶಃ ‘ಸತ್ತ ಒತ್ತೆ’. ಸಾಲ ತೀರಿಸದಿದ್ದರೆ ಆಸ್ತಿ ನಿಮ್ಮ ಪಾಲಿಗೆ ಸತ್ತಂತೆ, ತೀರಿಸಿದರೆ ಒತ್ತೆಯೇ ಸತ್ತಂತೆ ಅಂತ ಹದಿನೇಳನೇ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಎಡ್ವರ್ಡ್ ಕೋಕ್ ವಿವರಿಸಿದ್ದಾನೆ. ಬೈಕು-ಕಾರಿನ ಆರ್‌ಸಿಯಲ್ಲಿರುವ ಹೈಪಾಥಿಕೇಶನ್ ಗ್ರೀಕಿನದು, ‘ಕೆಳಗೆ ಇಟ್ಟದ್ದು’ ಅಂತ. ಗಾಡಿ ಓಡಿಸೋರು ನೀವು, ಅಡಿಯಲ್ಲಿ ಸಾಲ. ಇಎಂಐ ಮುಗಿದ ಮೇಲೂ ಅದು ತಾನಾಗಿ ಹೋಗುತ್ತದೆ ಅಂತ ಕೂರಬೇಡಿ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಸಲ್ಲಿಸಿ ಆರ್‌ಸಿಯಿಂದ ತೆಗೆಸಬೇಕು. ಗಾಡಿ ಮಾರುವ ದಿನ ನೆನಪಾದರೆ ಓಡಾಟ.

ಇಂಗ್ಲೆಂಡಿನವರು ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದಾರಾ ಅಂದ್ರೆ, ಇಲ್ಲ. 1999ರಲ್ಲಿ ಅಲ್ಲಿನ ಸಿವಿಲ್ ನ್ಯಾಯಾಲಯಗಳು ‘ಪ್ಲೇಂಟಿಫ್’ ಅನ್ನುವ ಪದವನ್ನೇ ಬಿಟ್ಟು ‘ಕ್ಲೇಮೆಂಟ್’ ಅಂತ ಸರಳ ಮಾಡಿಕೊಂಡವು. ನಮ್ಮಲ್ಲಿ ಪ್ಲೇಂಟಿಫ್ ಇನ್ನೂ ಗಟ್ಟಿಯಾಗಿದ್ದಾನೆ. ವಿಟ್ನೆಸೆತ್ ಹೋಗಿ ‘ಇಬ್ಬರೂ ಒಪ್ಪಿರುವುದು ಹೀಗೆ’ ಅಂತ ಬಂದರೆ ಯಾರ ಹಕ್ಕೂ ಕಳೆದುಹೋಗುವುದಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ‘ಸೆವರಲಿ’ಯನ್ನು ಸುಮ್ಮನೆ ಅಳಿಸಲಾಗದು. ಅಲ್ಲಿ ಬದಲಾಗುವುದು ಭಾಷೆಯಲ್ಲ, ಕರಾರು.

ಕೊನೆಯದಾಗಿ ಫ್ಲ್ಯಾಟ್ ಕೊಳ್ಳಲು ಹೊರಟವರಿಗೆ. ‘ಟೈಮ್ ಈಸ್ ಆಫ್ ದ ಎಸೆನ್ಸ್’ ಅನ್ನುವ ಸಾಲು ಓದಿ ‘ಸಮಯ ಅಮೂಲ್ಯ’ ಅನ್ನುವ ಸುಭಾಷಿತ ಅಂದುಕೊಳ್ಳಬೇಡಿ. ವೆನಿಲಾ ಬಾಟಲಿಯ ಎಸೆನ್ಸೂ ಅಲ್ಲ. ಇಲ್ಲಿ ಎಸೆನ್ಸ್ ಅಂದ್ರೆ ತಿರುಳು: ಗಡುವೇ ಈ ಕರಾರಿನ ಜೀವ, ಅದು ತಪ್ಪಿದರೆ ಎದುರಿನವರು ಕರಾರನ್ನೇ ರದ್ದು ಮಾಡಬಹುದು. ಕರಾರು ಕಾಯ್ದೆಯ 55ನೇ ಸೆಕ್ಷನ್ ಈ ಬಗ್ಗೆಯೇ ಇದೆ. ಪಿಡಿಎಫ್ ತೆರೆದು ಸರ್ಚಿನಲ್ಲಿ ‘ಎಸೆನ್ಸ್’ ಅಂತ ಹಾಕಿ ನೋಡಿ. ನೀವು ಕಂತು ಕಟ್ಟುವ ದಿನಾಂಕದ ಪಕ್ಕದಲ್ಲಿ ಇದೆಯಾ? ಬಿಲ್ಡರ್ ಕೀ ಕೊಡುವ ದಿನಾಂಕದ ಪಕ್ಕದಲ್ಲೂ ಇದೆಯಾ? ಒಂದೇ ಕಡೆ ಇದ್ದರೆ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ, ಇನ್ನೊಂದು ಕಡೆಯೂ ಹಾಕಿಸಿ. ಹಾಕಲ್ಲ ಅಂದರೂ 2016ರ ರೇರಾ ಕಾಯ್ದೆಯ 18ನೇ ಸೆಕ್ಷನ್ ನಿಮ್ಮ ಜೊತೆಗಿದೆ: ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆ ಸಿಗುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು.